ಜಾನಿ ಕ್ಯಾಶ್ ಅವರ ‘ಬೂಮ್-ಚಿಕ-ಬೂಮ್’ ಒಂದೇ ಗಿಟಾರಿನಲ್ಲಿ ಬರುತ್ತದಾ?

ತಂತಿಮೀಟು

1955ರಿಂದ 57ರವರೆಗೆ ಸನ್ ರೆಕಾರ್ಡ್ಸ್‌ನಲ್ಲಿ ಬಂದ, ಅಮೆರಿಕದ ಕಂಟ್ರಿ ಗಾಯಕ ಜಾನಿ ಕ್ಯಾಶ್ ಅವರ ಹಾಡುಗಳಲ್ಲಿ ಗೂಡ್ಸ್ ರೈಲು ಓಡುವ ಹಾಗೆ ಒಂದು ಸದ್ದಿದೆಯಲ್ಲ, ಬೂಮ್-ಚಿಕ-ಬೂಮ್-ಚಿಕ ಅಂತ, ಅದನ್ನು ಮನೆಯಲ್ಲಿ ಒಂದು ಅಕೂಸ್ಟಿಕ್ ಗಿಟಾರಿನಲ್ಲಿ ತರುವುದು ಹೇಗೆ? ಯೂಟ್ಯೂಬಿನಲ್ಲಿ ಪಾಠಗಳಿಗೆ ಬರವಿಲ್ಲ. ಎಲ್ಲರೂ ಇ, ಎ, ಬಿ7 ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿಯಲು ಹೇಳಿಕೊಟ್ಟು ಮುಗಿಸುತ್ತಾರೆ. ಕಾರ್ಡ್ ಸರಿಯಾಗಿ ಹಿಡಿದರೂ ಸದ್ದು ಮಾತ್ರ ಕಾಲೇಜ್ ಡೇ ಸ್ಟೇಜಿನ ಥರ ಗಲಗಲ. ಡ್ರಮ್ಸ್ ಇಲ್ಲದೆ ಆಗುವುದೇ ಇಲ್ಲವಾ?

ಇನ್ನೊಂದು. ಇವರ ಬದುಕಿನ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕೊಲೆ ಮಾಡಿ ಜೈಲಿಗೆ ಹೋಗಿದ್ದರು, ಅಲ್ಲೇ ಹಾಡು ಕಟ್ಟಿದರು ಅಂತೆಲ್ಲ. ಗೊತ್ತಿದ್ದವರು ಸರಿಯಾದ್ದನ್ನು ಹೇಳಿ.

ಹಳೇರೆಕಾರ್ಡು

ಡ್ರಮ್ಸ್ ಇಲ್ಲವೇ ಇಲ್ಲ. ಆ ಮೊದಲ ಸಿಂಗಲ್‌ಗಳಲ್ಲಿ ಇರುವುದು ಮೂರೇ ಜನ. ಕ್ಯಾಶ್ ಅಕೂಸ್ಟಿಕ್ ಗಿಟಾರ್, ಲೂಥರ್ ಪರ್ಕಿನ್ಸ್ ಎಲೆಕ್ಟ್ರಿಕ್ ಗಿಟಾರ್, ಮಾರ್ಷಲ್ ಗ್ರಾಂಟ್ ನಿಂತು ನುಡಿಸುವ ದೊಡ್ಡ ಬೇಸ್. ಡ್ರಮ್ಮರ್ ಡಬ್ಲ್ಯು. ಎಸ್. ಹಾಲೆಂಡ್ ಸೇರಿದ್ದು 1960ರಲ್ಲಿ. ಅಲ್ಲಿಯವರೆಗೆ ತಂಡದ ಹೆಸರು ‘ಟೆನೆಸ್ಸೀ ಟೂ’, ಆಮೇಲೆ ‘ಟೆನೆಸ್ಸೀ ತ್ರೀ’. ನಿಮ್ಮ ಕಿವಿಗೆ ಡ್ರಮ್ಸ್ ಥರ ಬೀಳುವ ‘ಚಿಕ’ ಕ್ಯಾಶ್ ಅವರ ಗಿಟಾರಿನದೇ. ತಂತಿಗಳ ನಡುವೆ ಕಾಗದ ಸಿಕ್ಕಿಸಿಕೊಂಡು ಬಾರಿಸುತ್ತಿದ್ದರು.

ಆ ಸದ್ದು ಹುಟ್ಟಿದ್ದು ಹೇಗೆಂದು ತಿಳಿದರೆ ನುಡಿಸುವುದು ಸುಲಭ, ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ಕ್ಯಾಶ್ 1954ರಲ್ಲಿ ಅಮೆರಿಕದ ವಾಯುಸೇನೆ ಬಿಟ್ಟು ಮೆಂಫಿಸ್‌ಗೆ ಬಂದು ಮನೆಮನೆಗೆ ಹೋಗಿ ಗೃಹೋಪಯೋಗಿ ಸಾಮಾನು ಮಾರುತ್ತಿದ್ದರು. ಆ ಕೆಲಸದಲ್ಲಿ ಅವರಿಗೆ ಏನೂ ಗಿಟ್ಟಲಿಲ್ಲ. ಅಣ್ಣ ರಾಯ್ ಕೆಲಸಕ್ಕಿದ್ದ ಮೋಟಾರು ಕಂಪನಿಯಲ್ಲಿ ಲೂಥರ್ ಮತ್ತು ಮಾರ್ಷಲ್ ಮೆಕ್ಯಾನಿಕ್‌ಗಳು. ಮೂವರ ಕೈಯಲ್ಲೂ ಅಕೂಸ್ಟಿಕ್ ಗಿಟಾರು, ಮೂವರೂ ಒಂದೇ ಥರ ಬಾರಿಸುವವರು. ಹಾಗಾದರೆ ತಂಡವಾಗುವುದಿಲ್ಲ ಎಂದು ಲೂಥರ್ ಎಲೆಕ್ಟ್ರಿಕ್ ಹಿಡಿದರು, ಮಾರ್ಷಲ್ ಬೇಸ್‌ಗೆ ಹೋದರು. ಇಬ್ಬರಿಗೂ ವಾದ್ಯ ಹೊಸದು. ಹಾಗಾಗಿ ಬಾರದ್ದನ್ನು ಬಿಟ್ಟು ಬಂದಷ್ಟನ್ನೇ ಒತ್ತಿ ನುಡಿಸಿದರು. ಆ ಕಡಿಮೆ ಸ್ವರಗಳೇ ಈ ಶೈಲಿ. ನಿಮ್ಮ ಗಿಟಾರ್ ಗಲಗಲ ಅನ್ನುತ್ತಿದೆ ಎಂದರೆ ನೀವು ಜಾಸ್ತಿ ನುಡಿಸುತ್ತಿದ್ದೀರಿ.

ಕೇಪೋ ಕಿಟ್ಟಿ

ಗುರು, ಕಾಗದದ ವಿಷಯ ನಾನು ಹೇಳ್ತೀನಿ.

ಝೆರಾಕ್ಸ್ ಅಂಗಡಿಯ ಮಾಮೂಲಿ ಎ4 ಹಾಳೆ ಸಾಕು. 12 ಸೆಂಮೀ ಉದ್ದ, 5 ಸೆಂಮೀ ಅಗಲಕ್ಕೆ ಕತ್ತರಿಸಿ, ಉದ್ದುದ್ದಕ್ಕೆ ಒಂದು ಮಡಿಕೆ ಹಾಕಿ. ಎರಡೂವರೆ ಸೆಂಮೀ ಪಟ್ಟಿ ಸಿಗುತ್ತೆ. ಮಡಿಕೆಯನ್ನ ಉಗುರಲ್ಲಿ ಗಟ್ಟಿಯಾಗಿ ಉಜ್ಜಿ. ಈಗ ಚಾಪೆ ಹೆಣೆದ ಹಾಗೆ ತೂರಿಸಿ: 6ನೇ ತಂತಿಯ (ಅತಿ ದಪ್ಪದ್ದು 6, ಅತಿ ತೆಳುವಿನದು 1) ಮೇಲೆ, 5ನೆಯದರ ಕೆಳಗೆ, 4ರ ಮೇಲೆ, 3ರ ಕೆಳಗೆ, 2ರ ಮೇಲೆ, 1ರ ಕೆಳಗೆ. ಜಾಗ ಬ್ರಿಡ್ಜ್‌ನಿಂದ (ಗಿಟಾರ್ ಮೈಮೇಲೆ ತಂತಿ ಕೊನೆಯಾಗೋ ಪಟ್ಟಿ) ಎರಡು ಮೂರು ಬೆರಳು ಈಚೆ, ನಡುವಿನ ದುಂಡು ತೂತು ಅಂದ್ರೆ ಸೌಂಡ್‌ಹೋಲ್‌ಗಿಂತ ಆಚೆ. ಅಲ್ಲಿಂದ ಅರ್ಧ ಅರ್ಧ ಸೆಂಮೀ ಜರುಗಿಸಿ ಕೇಳ್ತಾ ಹೋಗಿ.

ಎಡವೋ ಕಡೆಗಳು: ಬ್ರಿಡ್ಜ್‌ಗೆ ಅಂಟಿಸಿಬಿಟ್ರೆ ಏನೂ ಬದಲಾಗಲ್ಲ, ಯಾಕಂದ್ರೆ ಅಲ್ಲಿ ತಂತಿ ಅಲುಗೋದೇ ಕಮ್ಮಿ. ಸೌಂಡ್‌ಹೋಲ್ ಮಧ್ಯಕ್ಕೆ ತಂದ್ರೆ ಸ್ವರವೇ ಸತ್ತು ರಟ್ಟಿನ ಡಬ್ಬ ಬಡಿದ ಹಾಗಾಗುತ್ತೆ. ನ್ಯೂಸ್‌ಪೇಪರ್ ತೀರಾ ಮೆತ್ತಗೆ, ಸದ್ದನ್ನ ನುಂಗುತ್ತೆ ಅಷ್ಟೆ. ನಿಮಗೆ ಬೇಕಿರೋದು ನುಂಗೋದರ ಜತೆ ಒಂಚೂರು ಸರಸರ. ಮದುವೆ ಕಾರ್ಡಿನ ದಪ್ಪ ಕಾಗದ ತಂತಿಗಳನ್ನ ಎತ್ತಿ ಶ್ರುತಿ ಕೆಡಿಸುತ್ತೆ. ನೈಲಾನ್ ತಂತಿಯ ಗಿಟಾರಲ್ಲಿ ಈ ಉಪಾಯ ಅಷ್ಟಾಗಿ ನಡೆಯಲ್ಲ, ಸ್ಟೀಲ್ ತಂತಿಯೇ ಬೇಕು.

ತಂತಿಮೀಟು

ಡಾಲರ್ ನೋಟೇ ಸಿಕ್ಕಿಸಬೇಕು ಅಂತ ಕೆಲವು ಕಡೆ ಹೇಳುತ್ತಾರಲ್ಲ?

ಕೇಪೋ ಕಿಟ್ಟಿ

ನೋಟಿಗೆ ಮಂತ್ರ ಏನೂ ಇಲ್ಲ. ಡಾಲರ್ ನೋಟು 15.6 ಸೆಂಮೀ ಉದ್ದ, ಆರೂ ತಂತಿ ದಾಟಿ ಎರಡೂ ಕಡೆ ಹಿಡಿಯೋಕೆ ಮಿಗುತ್ತೆ, ಜೇಬಲ್ಲಿ ಇದ್ದೇ ಇರುತ್ತೆ, ಅದಕ್ಕೆ. ನಮ್ಮ ಹೊಸ ಹತ್ತು ರೂಪಾಯಿ ನೋಟು 12.3 ಸೆಂಮೀ, ಅದೂ ಸಾಲುತ್ತೆ. ಆದ್ರೆ ಕೈಯಿಂದ ಕೈಗೆ ಓಡಾಡಿ ಮೆತ್ತಗಾದ ನೋಟಿಂದ ಬರೋದು ನ್ಯೂಸ್‌ಪೇಪರ್ ಸದ್ದೇ. ಬಿಳಿ ಹಾಳೆ ಹಾಕಿ, ಹತ್ತು ರೂಪಾಯಿಗೆ ಟೀ ಕುಡೀರಿ.

ಶ್ರುತಿ ಸೇರಿಸು

ತಂಬೂರಿ ಕೇಳಿದವರಿಗೆ ಇದು ಬೇಗ ಅರ್ಥವಾಗುತ್ತದೆ. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಜೀವಾಳಿ ದಾರ ಇಡುತ್ತೇವಲ್ಲ, ಒಂದು ಕೂದಲೆಳೆ ಆಚೀಚೆ ಆದರೂ ನಾದ ಬೇರೆಯಾಗುತ್ತದೆ. ಕೆಲಸದ ರೀತಿ ಅದೇ, ಉದ್ದೇಶ ಮಾತ್ರ ತಿರುಗುಮುರುಗು: ಜೀವಾಳಿ ನಾದವನ್ನು ಬಿಡಿಸಿ ಬೆಳೆಸುತ್ತದೆ, ಈ ಕಾಗದ ಅದನ್ನು ಚಿವುಟಿ ಹಾಕುತ್ತದೆ. ಜಾಗ ಹುಡುಕುವ ತಾಳ್ಮೆ ಎರಡಕ್ಕೂ ಒಂದೇ.

ಬೇಸ್ ಬಸ್ಯಾ

ಎಲ್ಲಾರೂ ಕಾಗದದ ಹಿಂದ ಬಿದ್ದೀರಿ. ‘ಬೂಮ್’ ಯಾರು ಹೇಳೋರು? ಕಾಗದ ಹಾಕಿದ್ರ ಬರೋದು ಬರೇ ‘ಚಿಕ’ ರೀ.

ನಾಕು ಎಣಿಸ್ರಿ. ಒಂದಕ್ಕ ಬೇಸ್ ತಂತಿ, ಎರಡಕ್ಕ ‘ಚಿ’ ಅಂತ ಕೆಳಗ ಒಂದು ಏಟು, ಎರಡು ಮುಗಿಯೋದ್ರಾಗ ‘ಕ’ ಅಂತ ಮ್ಯಾಲ ಒಂದು. ಮೂರಕ್ಕ ಇನ್ನೊಂದು ಬೇಸ್ ತಂತಿ, ನಾಕಕ್ಕ ಮತ್ತ ಚಿ-ಕ. ಬೇಸ್ ಎರಡೂ ಸಲ ಒಂದ ಸ್ವರ ಆಗಬಾರದು, ಷಡ್ಜ–ಪಂಚಮ ಅಂತ ಅದಲು ಬದಲು.

ಇ ಕಾರ್ಡಿಗೆ 6ನೇ ತಂತಿ ಖಾಲಿ, ಆಮ್ಯಾಲ 5ನೇ ತಂತಿ 2ನೇ ಫ್ರೆಟ್ (ಕುತ್ತಿಗಿ ಮ್ಯಾಲಿನ ಅಡ್ಡಪಟ್ಟಿ). ಎ ಕಾರ್ಡಿಗೆ 5ನೇ ತಂತಿ ಖಾಲಿ, ಆಮ್ಯಾಲ 6ನೇದು ಖಾಲಿ. ಬಿ7ಕ್ಕ ತ್ರಾಸ ಐತಿ: 5ನೇ ತಂತಿ 2ನೇ ಫ್ರೆಟ್ ಬಾರಿಸಿದ ಮ್ಯಾಲ ಅದ ನಡುಬೆರಳನ್ನ ಎತ್ತಿ 6ನೇ ತಂತಿ 2ನೇ ಫ್ರೆಟ್‌ಗೆ ಇಡಬೇಕು, ಉಳಿದ ಬೆರಳು ಅಲುಗಬಾರದು. ಎಲ್ಲಾರೂ ಮುಗ್ಗರಿಸೋದು ಇಲ್ಲೇ. ಬೆರಳು ಎತ್ತೂದ್ರಾಗ ಚಿ-ಕ ತಡಾ ಆಗತೈತಿ, ರೈಲು ಹಳಿ ತಪ್ಪತೈತಿ. ಬರೇ ಬಿ7 ಹಿಡದು ಮೆಟ್ರೊನೋಮ್ (ಟಕ್ ಟಕ್ ಅಂತ ಲಯ ತೋರಿಸೋ ಯಂತ್ರ) 70ಕ್ಕ ಇಟ್ಟು ಹತ್ತು ನಿಮಿಷ ಆ ಒಂದು ಬೆರಳಿನ ಜಿಗಿತ ಅಷ್ಟ ಮಾಡ್ರಿ. ತಪ್ಪಿಲ್ಲದ ಬಂದ ಮ್ಯಾಲ ಐದೈದು ಏರಿಸ್ರಿ.

‘ಚಿ’ ಹೊಡಿಯೂದು ಕೆಳಗಿನ ಮೂರು ಸಣ್ಣ ತಂತಿಗೆ ಅಷ್ಟ, ‘ಕ’ ಎರಡಕ್ಕ, ಅದೂ ತಾಕಿದಂಗ. ಆರೂ ತಂತಿ ಕೆರದ್ರ ಅದು ಬ್ಯಾರೆ ಹಾಡು.

ತಂತಿಮೀಟು

ಬಸ್ಯಾ ಅವರೇ, ಬೇಸ್ ಹಿಡಿತಕ್ಕೆ ಬರುತ್ತಿದೆ. ಆದರೆ ಇ ಕಾರ್ಡಿನಲ್ಲಿ 1, 2ನೇ ಖಾಲಿ ತಂತಿಗಳು ಗುಂಯ್ ಅನ್ನುತ್ತಾ ಉಳಿದುಬಿಡುತ್ತವೆ, ಕಾಗದ ಇದ್ದರೂ. ಎಡಗೈ ಬೆರಳು ಸಡಿಲಿಸಿದರೂ ಅವು ನಿಲ್ಲುವುದಿಲ್ಲ.

ಬೇಸ್ ಬಸ್ಯಾ

ಖಾಲಿ ತಂತಿಗೆ ಎಡಗೈ ಬೆರಳು ಹೆಂಗ ಮುಟ್ಟಬೇಕು? ಇ ಕಾರ್ಡಿನ್ಯಾಗ ಕಿರುಬೆರಳು ಖಾಲಿ ಇರತೈತಲ್ಲ, ‘ಕ’ ಆದ ಕೂಡ್ಲೆ ಅದನ್ನ ಚಪ್ಪಟಿ ಮಾಡಿ ತಂತಿ ಮ್ಯಾಲ ಮಲಗಿಸ್ರಿ, ಒತ್ತಬ್ಯಾಡ್ರಿ. ಇಲ್ಲಾಂದ್ರ ಬಲಗೈ ಅಂಗೈ ಅಂಚು. ಪಿಕ್ಕೂ (ತಂತಿ ಮೀಟೋ ಬಿಲ್ಲಿ) ನೋಡ್ರಿ: 0.5 ಮಿಮೀ ತೆಳು ಪಿಕ್ಕಿಗೆ ಬೂಮ್ ಬರಂಗಿಲ್ಲ, ಪಟಪಟ ಅಂತೈತಿ. 1 ಮಿಮೀ ತಗೋರಿ. ತಂತಿ .012 ಸೆಟ್ (1ನೇ ತಂತಿ .012 ಇಂಚು ದಪ್ಪ) ಇದ್ರ ಚಲೋ, .010 ಹಾಕಿದ್ರ ಬೇಸ್ ತಂತಿ ಜೋತು ಬೀಳತೈತಿ.

ಮಾರ್ಷಲ್ ಗ್ರಾಂಟ್ ನುಡಿಸಿದ್ದು ಸ್ಲ್ಯಾಪ್ ಬೇಸ್. ತಂತಿ ಎಳದು ಬಿಟ್ರ ಅದು ಹಲಗಿಗೆ ಬಡದು ಟಕ್ ಅಂತೈತಿ, ನಡು ಎಣಿಕಿಗೆ ಅಂಗೈಲೆ ತಂತಿ ಮ್ಯಾಲ ಒಂದು ಪೆಟ್ಟು. ಕಾಗದದ ಚಿಕ, ಈ ಟಕ್ ಎರಡೂ ಕೂಡಿದಾಗ ಡ್ರಮ್ ಕೇಳಿದಂಗ ಆಗತೈತಿ. ಒಬ್ಬರ ನುಡಿಸಿದ್ರ ಅದರ ಮುಕ್ಕಾಲು ಪಾಲು ಸಿಗತೈತಿ, ಪೂರಾ ಅಲ್ಲ.

ಹಳೇರೆಕಾರ್ಡು

ಲೂಥರ್ ಕಡೆಯದನ್ನೂ ಸೇರಿಸುತ್ತೇನೆ. ಅವರದು ಫೆಂಡರ್ ಎಸ್ಕ್ವೈರ್, ಬ್ರಿಡ್ಜ್ ಪಕ್ಕ ಒಂದೇ ಪಿಕಪ್ (ತಂತಿಯ ಸದ್ದು ಹಿಡಿಯುವ ಭಾಗ) ಇರುವ ಗಿಟಾರ್. ಮೊದಲು ನುಡಿಸಿದ್ದರಲ್ಲಿ ವಾಲ್ಯೂಮ್, ಟೋನ್ ಗುಂಡಿಗಳು ಕೆಲಸ ಮಾಡುತ್ತಿರಲಿಲ್ಲ. ಸದ್ದು ತಗ್ಗಿಸಲು ಗುಂಡಿ ಇಲ್ಲ ಎಂದರೆ ಉಳಿಯುವುದು ಅಂಗೈ. ಬಲ ಅಂಗೈಯ ಬುಡವನ್ನು ಬ್ರಿಡ್ಜ್ ಮೇಲಿಟ್ಟು ದಪ್ಪ ತಂತಿಗಳನ್ನು ಒಂದೊಂದೇ ಸ್ವರವಾಗಿ ಕುಟ್ಟಿದರು. ನೀವೂ ಹಾಗೆ ನುಡಿಸುವುದಾದರೆ ಅಂಗೈ ಅರ್ಧ ಸೆಂಮೀ ಮುಂದೆ ಬಂದರೂ ಸ್ವರ ಗೊರಗೊರ ಆಗಿಬಿಡುತ್ತದೆ, ಹಿಂದೆ ಹೋದರೆ ತಂತಿ ಪೂರ್ತಿ ಬಿಡಿಸಿಕೊಳ್ಳುತ್ತದೆ. ಆ್ಯಂಪ್ ಕ್ಲೀನ್ ಇರಲಿ, ಡಿಸ್ಟಾರ್ಷನ್ ಸೊನ್ನೆ.

ಲೂಥರ್ ಸೋಲೋಗಳನ್ನು ‘ಇಷ್ಟೇನಾ’ ಎಂದು ತಳ್ಳಿಹಾಕುವ ಗಿಟಾರಿಸ್ಟ್‌ಗಳು ಊರಿಗಿಷ್ಟು ಇದ್ದಾರೆ. ಅದೇ ನಾಲ್ಕು ಸ್ವರವನ್ನು ಅಷ್ಟೇ ಸಮನಾಗಿ, ಒಂದೂ ಮುಂದೋಡದೆ ಎರಡು ನಿಮಿಷ ನುಡಿಸಿ ತೋರಿಸಿ ಎಂದರೆ ಗೊತ್ತಾಗುತ್ತದೆ.

ರೀಲುಟೇಪು

ರೆಕಾರ್ಡ್ ಮಾಡುವ ಆಸೆ ಇದ್ದರೆ ಎಕೋ ಮರೆಯಬೇಡಿ. ಮೆಂಫಿಸ್‌ನ 706 ಯೂನಿಯನ್ ಅವೆನ್ಯೂದ ಸನ್ ರೆಕಾರ್ಡ್ಸ್ ಕಂಪನಿಯ ಆ ಪುಟ್ಟ ಸ್ಟುಡಿಯೋದಲ್ಲಿ ಅದರ ಒಡೆಯ ಸ್ಯಾಮ್ ಫಿಲಿಪ್ಸ್ ಎರಡು ಆಂಪೆಕ್ಸ್ ಟೇಪ್ ಯಂತ್ರ ಇಟ್ಟುಕೊಂಡಿದ್ದರು. ಟೇಪು ರೆಕಾರ್ಡ್ ಹೆಡ್ ದಾಟಿ ಪ್ಲೇ ಹೆಡ್ ತಲುಪುವಷ್ಟರಲ್ಲಿ ಸೆಕೆಂಡಿನ ಒಂದು ಚೂರು ಕಳೆಯುತ್ತದೆ. ಆ ತಡವಾದ ಸದ್ದನ್ನು ಮೂಲಕ್ಕೆ ಬೆರೆಸಿದರೆ ಸ್ಲ್ಯಾಪ್‌ಬ್ಯಾಕ್.

ಈಗ ಯಾವ ಮೊಬೈಲ್ ಆ್ಯಪಿನಲ್ಲೂ ಮಾಡಬಹುದು. ಡಿಲೇ 110ರಿಂದ 130 ಮಿಲಿಸೆಕೆಂಡ್, ಫೀಡ್‌ಬ್ಯಾಕ್ ಸೊನ್ನೆ ಅಥವಾ ಅದರ ಹತ್ತಿರ, ಮಿಕ್ಸ್ 20 ಶೇಕಡಾ. ಒಂದೇ ಒಂದು ಮರುಧ್ವನಿ ಕೇಳಬೇಕು. ಫೀಡ್‌ಬ್ಯಾಕ್ ಏರಿಸಿದರೆ ಜಾತ್ರೆ ಮೈಕಿನಲ್ಲಿ ‘ಹಲೋ ಹಲೋ’ ಅಂದ ಹಾಗಾಗುತ್ತದೆ. ರಿವರ್ಬ್ (ದೊಡ್ಡ ಕೋಣೆಯಲ್ಲಿನಂಥ ಮೊಳಗು) ಹಾಕಬೇಡಿ, ಎಷ್ಟೇ ಕಷ್ಟಪಟ್ಟು ತಂತಿ ಚಿವುಟಿದರೂ ರಿವರ್ಬ್ ಅದನ್ನೆಲ್ಲ ಮತ್ತೆ ಹಿಗ್ಗಿಸಿ ಗಲಗಲ ಮಾಡುತ್ತದೆ. ಮೈಕ್ ಒಂದೇ ಇದ್ದರೆ ಗಿಟಾರಿನ ಕುತ್ತಿಗೆ ದೇಹಕ್ಕೆ ಸೇರುವ ಜಾಗಕ್ಕೆ ತಿರುಗಿಸಿ, 25–30 ಸೆಂಮೀ ದೂರ. ಸೌಂಡ್‌ಹೋಲ್ ಎದುರಿಗಿಟ್ಟರೆ ಬರೀ ಗುಂ.

ಶ್ರುತಿ ಸೇರಿಸು

‘ಐ ವಾಕ್ ದ ಲೈನ್’ ಬಗ್ಗೆ ಯಾರೂ ಹೇಳಲಿಲ್ಲ. ಕರ್ನಾಟಕ ಸಂಗೀತ ಕೇಳುವವರಿಗೆ ಅದರಷ್ಟು ವಿಚಿತ್ರ ಬೇರೊಂದಿಲ್ಲ, ಏಕೆಂದರೆ ಹಾಡಿನ ನಡುವೆ ಶ್ರುತಿಯೇ ಬದಲಾಗುತ್ತದೆ.

ಐದು ಚರಣ. ಗಿಟಾರ್ ಹಿಡಿತದ ಲೆಕ್ಕದಲ್ಲಿ ಇ, ಎ, ಡಿ, ಮತ್ತೆ ಎ, ಮತ್ತೆ ಇ. ಇ ಷಡ್ಜವಾದರೆ ಎ ಅದರ ಮಧ್ಯಮ. ಎ ಷಡ್ಜವಾದರೆ ಡಿ ಅದರ ಮಧ್ಯಮ. ಅಂದರೆ ಎರಡು ಸಲ ಮಧ್ಯಮಕ್ಕೆ ಹತ್ತಿ, ಬಂದ ದಾರಿಯಲ್ಲೇ ಇಳಿಯುತ್ತದೆ. ಕೊನೆಯ ಚರಣ ಮೊದಲನೆಯದೇ, ಆದರೆ ಒಂದು ಸ್ಥಾಯಿ ಕೆಳಗೆ.

ಚರಣ ಶುರುವಾಗುವ ಮುನ್ನ ಅವರು ‘ಹ್ಮ್ಮ್’ ಎಂದು ಗುನುಗುವುದು ಅಲಂಕಾರಕ್ಕಲ್ಲ. ಪ್ರತಿ ಚರಣದ ಎತ್ತುಗಡೆ ಷಡ್ಜದ ಕಾರ್ಡಿನಲ್ಲಿಲ್ಲ, ಪಂಚಮದ ಕಾರ್ಡಿನಲ್ಲಿದೆ. ಇ ಚರಣ ಬಿ7ರಿಂದ, ಎ ಚರಣ ಇ7ರಿಂದ, ಡಿ ಚರಣ ಎ7ರಿಂದ. ಹೊಸ ಶ್ರುತಿಗೆ ಬಂದಿದ್ದೀರಿ, ಆದರೆ ಕೈಯಲ್ಲಿರುವ ಕಾರ್ಡ್ ಅದರ ಷಡ್ಜವನ್ನು ಕೊಡುತ್ತಿಲ್ಲ. ಗುನುಗಿ ಹಿಡಿದಿಟ್ಟುಕೊಳ್ಳದಿದ್ದರೆ ಮೊದಲ ಸ್ವರವೇ ತಪ್ಪುತ್ತದೆ. ಅಭ್ಯಾಸಕ್ಕೆ ಹೀಗೆ ಮಾಡಿ: ಚರಣ ಮುಗಿದ ಮೇಲೆ ಗಿಟಾರ್ ನಿಲ್ಲಿಸಿ, ಹೊಸ ಷಡ್ಜವನ್ನು ಶ್ರುತಿಪೆಟ್ಟಿಗೆ ಆ್ಯಪಿನಲ್ಲಿ ಕೇಳಿ, ನಾಲ್ಕು ಎಣಿಕೆ ಗುನುಗಿ, ಆಮೇಲೆ ಪಂಚಮದ ಕಾರ್ಡ್ ಬಾರಿಸಿ ಎತ್ತಿಕೊಳ್ಳಿ. ಎರಡು ಮೂರು ದಿನದಲ್ಲಿ ಆ್ಯಪ್ ಬೇಡವಾಗುತ್ತದೆ.

ಕೊನೆಯ ಚರಣದ ಮಂದ್ರ ಎಲ್ಲರಿಗೂ ನಿಲುಕುವುದಿಲ್ಲ. ಗಂಟಲು ಒತ್ತಿ ಗೊರಗುಟ್ಟಿಸಬೇಡಿ. ಅಭ್ಯಾಸ ಶುರುಮಾಡಬೇಕಾದ್ದೇ ಆ ಚರಣದಿಂದ: ಅದು ಸಲೀಸಾಗಿ ಕೇಳುವ ಜಾಗಕ್ಕೆ ಕೇಪೋ (ತಂತಿಗಳನ್ನೆಲ್ಲ ಒತ್ತಿ ಹಿಡಿದು ಶ್ರುತಿ ಏರಿಸುವ ಕ್ಲಿಪ್ಪು) ಹಾಕಿ, ನಂತರ ಡಿ ಚರಣದ ಮೇಲಿನ ಸ್ವರ ಎಟುಕುತ್ತದೆಯೇ ನೋಡಿ. ಎರಡೂ ಆಗದಿದ್ದರೆ ಕೊನೆಯದನ್ನು ಮೇಲಿನ ಸ್ಥಾಯಿಯಲ್ಲೇ ಹಾಡಿ ಮುಗಿಸಿ.

ಹಳೇರೆಕಾರ್ಡು

ಮೇಡಂ, ಆ ಗುನುಗಿನ ವಿವರಣೆಗೆ ನಮಸ್ಕಾರ. ಈ ಹಾಡು ರೆಕಾರ್ಡ್ ಆದದ್ದು 1956ರ ಏಪ್ರಿಲ್‌ನಲ್ಲಿ. ಕ್ಯಾಶ್ ಇದನ್ನು ನಿಧಾನವಾಗಿ ಹಾಡಬೇಕೆಂದಿದ್ದರು. ವೇಗ ಹೆಚ್ಚಿಸಿ ಎಂದವರು ಸ್ಯಾಮ್ ಫಿಲಿಪ್ಸ್. ವಾಯುಸೇನೆಯ ಕೆಲಸದಲ್ಲಿ ಜರ್ಮನಿಯಲ್ಲಿದ್ದಾಗ ಟೇಪ್ ಹಿಂದುಮುಂದಾಗಿ ಓಡಿ ಕೇಳಿಸಿದ ಗಿಟಾರ್ ಸದ್ದಿನಿಂದ ಇದರ ನಡಿಗೆ ಹೊಳೆಯಿತೆಂದು ಕ್ಯಾಶ್ ಹೇಳಿಕೊಂಡಿದ್ದರು.

ಈಗ ಜೈಲಿನ ಕತೆ. ಕ್ಯಾಶ್ ಕೊಲೆ ಮಾಡಿಲ್ಲ, ಯಾವ ಸೆರೆಮನೆಯಲ್ಲೂ ಶಿಕ್ಷೆ ಅನುಭವಿಸಿಲ್ಲ. ಬೇರೆ ಬೇರೆ ಸಣ್ಣ ಪ್ರಕರಣಗಳಲ್ಲಿ ಒಂದೊಂದು ರಾತ್ರಿ ಲಾಕಪ್ಪಿನಲ್ಲಿ ಕಳೆದದ್ದು ನಿಜ. 1965ರಲ್ಲಿ ಮಿಸಿಸಿಪ್ಪಿಯ ಸ್ಟಾರ್ಕ್‌ವಿಲ್‌ನಲ್ಲಿ ರಾತ್ರಿ ಹೊತ್ತು ಯಾರದೋ ಹಿತ್ತಲಲ್ಲಿ ಹೂ ಕಿತ್ತಿದ್ದಕ್ಕೆ ಹಿಡಿದು ಕೂಡಿಸಿದ್ದರು. ಅದೇ ವರ್ಷ ಟೆಕ್ಸಸ್‌ನ ಎಲ್ ಪಾಸೋದಲ್ಲಿ ಸಿಕ್ಕಿಬಿದ್ದದ್ದು ಹೂವಿನಷ್ಟು ಹಗುರದ್ದಲ್ಲ: ಗಿಟಾರ್ ಪೆಟ್ಟಿಗೆಯಲ್ಲಿ ಬಚ್ಚಿಟ್ಟ 688 ಡೆಕ್ಸೆಡ್ರಿನ್ (ಉತ್ತೇಜಕ), 475 ಇಕ್ವಾನಿಲ್ (ಶಾಮಕ) ಮಾತ್ರೆ. ಅಮಾನತು ಶಿಕ್ಷೆಯಲ್ಲಿ ಮುಗಿಯಿತು.

ಹುಟ್ಟಿದ್ದು 1932ರ ಫೆಬ್ರುವರಿ 26, ಆರ್ಕನ್ಸಾದ ಕಿಂಗ್ಸ್‌ಲ್ಯಾಂಡ್. ತಂದೆತಾಯಿ ಇಟ್ಟ ಹೆಸರು ಬರೀ ಜೆ. ಆರ್.; ವಾಯುಸೇನೆ ಇನಿಷಿಯಲ್ ಒಪ್ಪದ್ದಕ್ಕೆ ಜಾನ್ ಆದರು, ‘ಜಾನಿ’ ಮಾಡಿದ್ದು ಫಿಲಿಪ್ಸ್. 1935ರಲ್ಲಿ ಸರ್ಕಾರ ಬಡ ರೈತರಿಗಾಗಿ ಕಟ್ಟಿದ ಡೈಯೆಸ್ ಕಾಲೊನಿಗೆ ಕುಟುಂಬ ಹೋಯಿತು: 20 ಎಕರೆ ಹತ್ತಿ ಹೊಲ, ಐದು ಕೋಣೆಯ ಮನೆ. 1937ರ ಪ್ರವಾಹ ಆ ಹೊಲಕ್ಕೂ ನುಗ್ಗಿತ್ತು. 1944ರಲ್ಲಿ ಅಣ್ಣ ಜ್ಯಾಕ್ ಗರಗಸದ ಯಂತ್ರಕ್ಕೆ ಸಿಕ್ಕಿ ತೀರಿಕೊಂಡ. ಅವರ ಹಾಡುಗಳಲ್ಲಿ ಸಾವು, ದೇವರು, ತಪ್ಪೊಪ್ಪಿಗೆ ಪದೇ ಪದೇ ಬರುವುದನ್ನು ಕೇಳಿ ಇದು ವೇಷ ಎನ್ನುವವರು ಆ ವರ್ಷವನ್ನು ನೆನಪಿಡಬೇಕು.

ಟ್ರ್ಯಾಕ್ ನಂ. 1

ಹಾಗಾದರೆ ಫಾಲ್ಸಮ್ ಜೈಲಿನ ಹಾಡು ‘ಫಾಲ್ಸಮ್ ಪ್ರಿಸನ್ ಬ್ಲೂಸ್’ ಎಲ್ಲಿಂದ ಬಂತು? ಆ ಜೈಲಿನಲ್ಲೇ ಮಾಡಿದ ಲೈವ್ ರೆಕಾರ್ಡಿನಲ್ಲಿ, ರೀನೋದಲ್ಲಿ ಒಬ್ಬನನ್ನು ಕೊಂದೆ ಎನ್ನುವ ಸಾಲಿಗೆ ಕೈದಿಗಳು ಹೋ ಎಂದು ಕೂಗುತ್ತಾರೆ. ಅದನ್ನು ಕೇಳಿದ ಯಾರಿಗಾದರೂ ಈತ ಅವರಲ್ಲೊಬ್ಬ ಅನ್ನಿಸುತ್ತದೆ.

ಹಳೇರೆಕಾರ್ಡು

ಆ ಕೂಗು ಅಲ್ಲಿರಲಿಲ್ಲ. ಆಮೇಲೆ ಸ್ಟುಡಿಯೋದಲ್ಲಿ ಸೇರಿಸಿದ್ದು. ಕಾವಲುಗಾರರು ಸುತ್ತ ನಿಂತಿರುವಾಗ ಕೊಲೆಯ ಸಾಲಿಗೆ ಕೇಕೆ ಹಾಕುವಷ್ಟು ಕೈದಿಗಳು ಪೆದ್ದರಲ್ಲ.

ಹಾಡು ಹುಟ್ಟಿದ್ದು ಜರ್ಮನಿಯ ಲ್ಯಾಂಡ್ಸ್‌ಬರ್ಗ್‌ನಲ್ಲಿ. ಕ್ಯಾಶ್ ಅಲ್ಲಿ ಸೋವಿಯತ್ ಮೋರ್ಸ್ ಸಂದೇಶಗಳನ್ನು ಕೇಳಿ ಬರೆದುಕೊಳ್ಳುವ ಕೆಲಸದಲ್ಲಿದ್ದರು; ಫಾಲ್ಸಮ್ ಜೈಲಿನ ಮೇಲಿನ ಒಂದು ಸಿನಿಮಾ ನೋಡಿದರು. ರಾಗ ಮತ್ತು ಸಾಹಿತ್ಯದ ದೊಡ್ಡ ಪಾಲು ಗಾರ್ಡನ್ ಜೆಂಕಿನ್ಸ್ ಅವರ ‘ಕ್ರೆಸೆಂಟ್ ಸಿಟಿ ಬ್ಲೂಸ್’ ಹಾಡಿನದು. ಮುಂದೆ ಜೆಂಕಿನ್ಸ್‌ಗೆ ಸುಮಾರು 75,000 ಡಾಲರ್ ಕೊಟ್ಟು ಇತ್ಯರ್ಥ ಮಾಡಿಕೊಳ್ಳಬೇಕಾಯಿತು. ಎರಡನ್ನೂ ಬೆನ್ನುಬೆನ್ನಿಗೆ ಕೇಳಿ, ಮುಜುಗರವಾಗುವಷ್ಟು ಹೋಲಿಕೆ ಇದೆ. ಆದರೂ ಜೆಂಕಿನ್ಸ್‌ದು ಮೆಲ್ಲನೆಯ ಹಾಡು, ಅದಕ್ಕೆ ಗಾಲಿ ಕಟ್ಟಿದ್ದು ಈ ಮೂವರು. (ಹಾಡಿನಲ್ಲಿ ಕೊಲೆ ನಡೆದದ್ದು ನೆವಾಡಾದ ರೀನೋದಲ್ಲಿ, ಫಾಲ್ಸಮ್ ಇರುವುದು ಕ್ಯಾಲಿಫೋರ್ನಿಯಾದಲ್ಲಿ. ಬೇರೆ ರಾಜ್ಯದ ಜೈಲಿಗೆ ಹೇಗೆ ಹೋದ ಅನ್ನುವುದು ಅಭಿಮಾನಿಗಳ ಹಳೇ ತರಲೆ ಪ್ರಶ್ನೆ.)

ಲೈವ್ ರೆಕಾರ್ಡಿಂಗ್ 1968ರ ಜನವರಿ 13ರಂದು, ಜೈಲಿನ ಊಟದ ಹಾಲ್‌ನಲ್ಲಿ, ಒಂದೇ ದಿನ ಎರಡು ಪ್ರದರ್ಶನ. ನಿರ್ಮಾಪಕ ಬಾಬ್ ಜಾನ್ಸ್‌ಟನ್. ಎಲ್‌ಪಿಯ ಬಹುಪಾಲು ಮೊದಲ ಪ್ರದರ್ಶನದ್ದು, ಎರಡನೆಯದರಿಂದ ಎರಡೇ ಹಾಡು. ಕೊನೆಯ ಹಾಡು ‘ಗ್ರೇಸ್ಟೋನ್ ಚಾಪೆಲ್’ ಬರೆದದ್ದು ಅಲ್ಲೇ ಶಿಕ್ಷೆ ಅನುಭವಿಸುತ್ತಿದ್ದ ಗ್ಲೆನ್ ಶೆರ್ಲಿ. ಜೈಲಿನೊಳಗಿನಿಂದ ಬಂದ ಹಾಡು ಬೇಕೆಂದರೆ ಅದು. ಜೂನ್ ತಿಂಗಳಲ್ಲಿ ರಾಬರ್ಟ್ ಕೆನಡಿ ಹತ್ಯೆಯಾದಾಗ ರೇಡಿಯೋಗಳು ಫಾಲ್ಸಮ್ ಸಿಂಗಲ್ ಹಾಕುವುದು ನಿಲ್ಲಿಸಿದವು. ಕ್ಯಾಶ್ ಬೇಡವೆಂದರೂ ಆಗ ಅವರ ರೆಕಾರ್ಡು ತರುತ್ತಿದ್ದ ಕೊಲಂಬಿಯಾ ಕಂಪನಿ ಆ ಸಾಲನ್ನು ಕತ್ತರಿಸಿ ಮತ್ತೆ ಬಿಟ್ಟಿತು.

ಕೊಳ್ಳುವುದಾದರೆ 2008ರ ಆವೃತ್ತಿ ಹುಡುಕಿ, ಎರಡೂ ಪ್ರದರ್ಶನ ಪೂರ್ತಿ ಇವೆ. ಲೂಥರ್ ನುಡಿಸಿದ್ದನ್ನು ಅಷ್ಟು ಹತ್ತಿರದಿಂದ ಕೇಳಲು ಇನ್ನೊಂದು ಅವಕಾಶ ಕಡಿಮೆ. ಆ ಆಗಸ್ಟ್‌ನಲ್ಲೇ ಮನೆಗೆ ಬೆಂಕಿ ಬಿದ್ದು ಅವರು ತೀರಿಕೊಂಡರು. 1969ರ ಸ್ಯಾನ್ ಕ್ವೆಂಟಿನ್ ಜೈಲಿನ ರೆಕಾರ್ಡಿನಲ್ಲಿ ಲೂಥರ್ ಜಾಗದಲ್ಲಿರುವುದು ಬಾಬ್ ವೂಟನ್.

ಕೇಪೋ ಕಿಟ್ಟಿ

ಫಾಲ್ಸಮ್ ಹಾಡಿನ ಚೌಕಟ್ಟು ಹೇಳಿಬಿಡ್ತೀನಿ. ಇ ಹಿಡಿತದಲ್ಲಿ 4 ಬಾರ್ (ಒಂದು ಬಾರ್ ಅಂದ್ರೆ ನಾಲ್ಕು ಎಣಿಕೆ), ಎ 2, ಇ 2, ಬಿ7 2, ಇ 2. ಒಟ್ಟು 12. ಮಾಮೂಲಿ 12 ಬಾರ್ ಬ್ಲೂಸ್ ಕಲಿತವರು ಹತ್ತನೇ ಬಾರ್‌ನಲ್ಲಿ ಅಭ್ಯಾಸಬಲಕ್ಕೆ ಎ ಕಾರ್ಡಿಗೆ ಇಳೀತಾರೆ. ಇಲ್ಲಿ ಬಿ7 ಮೇಲೇ ನಿಲ್ಲಬೇಕು. ನಾಲ್ಕನೇ ಬಾರ್‌ನಲ್ಲಿ ಇ ಬದಲು ಇ7 ಮಾಡಿದ್ರೆ ಎ ಕಡೆಗೆ ಎಳೆತ ಸಿಗುತ್ತೆ. ರೆಕಾರ್ಡ್ ಜತೆ ನುಡಿಸುವಾಗ ಅರ್ಧ ಸ್ವರ ಕೆಳಗಿದ್ದೀವಿ ಅನ್ನಿಸಿದ್ರೆ ಕೇಪೋ ಒಂದನೇ ಫ್ರೆಟ್‌ಗೆ.

ಟ್ರ್ಯಾಕ್ ನಂ. 1

ಇದೆಲ್ಲ ಒಂಥರಾ ಅವರ ಜನಪದ ಅಲ್ಲವೇ? ಹಳ್ಳಿ ಹಾಡು, ಗೀಗೀ ಪದದ ಹಾಗೆ. ‘ಕಂಟ್ರಿ’ ಅಂದರೇ ಹಳ್ಳಿ ತಾನೇ.

ರೀಲುಟೇಪು

ಬೇರು ಜನಪದ, ಗಿಡ ಮಾರುಕಟ್ಟೆಯದು. 1927ರ ಬೇಸಿಗೆಯಲ್ಲಿ ಟೆನೆಸ್ಸೀ–ವರ್ಜೀನಿಯಾ ಗಡಿಯ ಬ್ರಿಸ್ಟಲ್ ಊರಿಗೆ ರಾಲ್ಫ್ ಪಿಯರ್ ಎಂಬ ರೆಕಾರ್ಡ್ ನಿರ್ಮಾಪಕ ಯಂತ್ರ ಹೊತ್ತು ತಂದು ಬೆಟ್ಟದ ಸೀಮೆಯ ಹಾಡುಗಾರರನ್ನು ಕರೆಸಿದ. ಅಲ್ಲಿ ಸಿಕ್ಕವರೇ ಕಾರ್ಟರ್ ಕುಟುಂಬ ಮತ್ತು ಜಿಮ್ಮಿ ರಾಜರ್ಸ್. ಅಲ್ಲಿಂದ ಮುಂದೆ ರೇಡಿಯೋ, ಕಂಪನಿ, ಕಾಪಿರೈಟ್ ಎಲ್ಲ ಸೇರಿ ಬೆಳೆದದ್ದು ಕಂಟ್ರಿ. ಹಾಡಿಗೆ ಬರೆದವನ ಹೆಸರು, ತಾರೀಕು, ಲೇಬಲ್ ಮೂರೂ ಇರುತ್ತವೆ. ಗೀಗೀ ಪದ ಹಾಗಲ್ಲ.

ಆ ಕಾರ್ಟರ್ ಕುಟುಂಬದ ಮೇಬೆಲ್ ಅವರ ಮಗಳೇ ಜೂನ್ ಕಾರ್ಟರ್. 1968ರ ಮಾರ್ಚ್ 1ರಂದು ಕ್ಯಾಶ್ ಅವರನ್ನು ಮದುವೆಯಾದರು. ‘ರಿಂಗ್ ಆಫ್ ಫೈರ್’ ಬರೆದದ್ದು ಜೂನ್ ಮತ್ತು ಮರ್ಲ್ ಕಿಲ್ಗೋರ್. ಮೊದಲು ರೆಕಾರ್ಡ್ ಮಾಡಿದ್ದು ಜೂನ್ ಅವರ ತಂಗಿ ಅನಿತಾ. 1963ರಲ್ಲಿ ಕ್ಯಾಶ್ ಅದಕ್ಕೆ ಮೆಕ್ಸಿಕೋದ ಮರಿಯಾಚಿ ಶೈಲಿಯ ಕಹಳೆ ಸೇರಿಸಿದ ಮೇಲೆ ಊರೆಲ್ಲ ಹಾಡಿತು.

ಗಿಟಾರ್ ಕಲಿಯುವವರಿಗೆ ಒಂದು ಎಚ್ಚರಿಕೆ: ಮೇಬೆಲ್ ಶೈಲಿಯನ್ನೂ ಕ್ಯಾಶ್ ಶೈಲಿಯನ್ನೂ ಕಲಸಬೇಡಿ. ಮೇಬೆಲ್ ಹೆಬ್ಬೆರಳಿನಲ್ಲಿ ದಪ್ಪ ತಂತಿಗಳ ಮೇಲೆ ಹಾಡಿನ ಮಟ್ಟನ್ನೇ ನುಡಿಸಿ, ತೋರುಬೆರಳಿನಲ್ಲಿ ಸಣ್ಣ ತಂತಿಗಳನ್ನು ಸವರುತ್ತಾರೆ, ತಂತಿಗಳು ತೆರೆದು ಮೊಳಗಬೇಕು. ಕ್ಯಾಶ್ ಗಿಟಾರಿನಲ್ಲಿ ಮಟ್ಟು ಇಲ್ಲ, ಲಯ ಮಾತ್ರ. ಮೇಬೆಲ್ ಪಾಠಕ್ಕೆ ಕಾಗದ ಸಿಕ್ಕಿಸಿದರೆ ಕೆಟ್ಟೇ ಹೋಯಿತು.

ಶ್ರುತಿ ಸೇರಿಸು

ಜೈಲಿನ ಎರಡು ರೆಕಾರ್ಡುಗಳ ಗದ್ದಲದಲ್ಲಿ 1964ರ ‘ಬಿಟರ್ ಟಿಯರ್ಸ್’ ಮರೆಯಾಗುತ್ತದೆ. ಅಮೆರಿಕದ ಮೂಲನಿವಾಸಿಗಳಿಗಾದ ಅನ್ಯಾಯದ ಹಾಡುಗಳು, ಹಲವನ್ನು ಬರೆದದ್ದು ಪೀಟರ್ ಲಾ ಫಾರ್ಜ್. ಮೂಲನಿವಾಸಿ ಯೋಧ ಐರಾ ಹೇಯ್ಸ್ ಕುರಿತ ಹಾಡನ್ನು ರೇಡಿಯೋದವರು ಮುಟ್ಟದಿದ್ದಾಗ ಕ್ಯಾಶ್ ‘ಬಿಲ್‌ಬೋರ್ಡ್’ ಪತ್ರಿಕೆಯಲ್ಲಿ ಪೂರ್ತಿ ಪುಟದ ಜಾಹೀರಾತು ಕೊಟ್ಟು ನಿಮಗೆ ಎದೆಗಾರಿಕೆ ಇಲ್ಲವೇ ಎಂದು ಕೇಳಿದರು. ಅದು ಕೊಲಂಬಿಯಾದಲ್ಲಿ ಅವರು ಮಾಡಿದ ಅತ್ಯುತ್ತಮ ಕೆಲಸ ಎನ್ನುವುದು ನನ್ನ ಪಕ್ಷ.

ಹಳೇರೆಕಾರ್ಡು

ಅತ್ಯುತ್ತಮ ಎನ್ನುವುದಕ್ಕೆ ನನ್ನ ತಕರಾರಿದೆ, ಫಾಲ್ಸಮ್ ಬಿಟ್ಟುಕೊಡುವುದಿಲ್ಲ. ಆದರೆ ಕೇಳಲೇಬೇಕಾದದ್ದು ಹೌದು.

ಒಂದೇ ಗಿಟಾರು ಎಂದು ಮೊದಲ ಪ್ರಶ್ನೆ ಇತ್ತಲ್ಲ, ಅದಕ್ಕೆ ನಿಜವಾದ ಪಠ್ಯ 1994ರ ‘ಅಮೆರಿಕನ್ ರೆಕಾರ್ಡಿಂಗ್ಸ್’. ಕೊಲಂಬಿಯಾ 1986ರಲ್ಲಿ ಅವರನ್ನು ಕೈಬಿಟ್ಟಿತ್ತು. ರ‍್ಯಾಪ್, ಮೆಟಲ್ ರೆಕಾರ್ಡುಗಳಿಗೆ ಹೆಸರಾದ ರಿಕ್ ರೂಬಿನ್ ಅವರನ್ನು ತನ್ನ ಮನೆಯ ಹಾಲ್‌ನಲ್ಲಿ ಕೂರಿಸಿ ಗಿಟಾರು ಕೈಗೆ ಕೊಟ್ಟು ರೆಕಾರ್ಡ್ ಮಾಡಿದರು; ಕೆಲವು ಕ್ಯಾಶ್ ಅವರ ಕ್ಯಾಬಿನ್ನಿನಲ್ಲಿ. ಬೇಸ್ ಇಲ್ಲ, ಲೂಥರ್ ಇಲ್ಲ, ಎಕೋ ಇಲ್ಲ. ಹೆಡ್‌ಫೋನ್ ಹಾಕಿ ಹೆಬ್ಬೆರಳನ್ನು ಮಾತ್ರ ಹಿಂಬಾಲಿಸಿ. ಮಾತು ಬರುವಾಗ ಹಿಂದೆ ಸರಿದು, ಸಾಲು ಮುಗಿದ ಕಡೆ ಮುಂದೆ ಬರುತ್ತದೆ. 2002ರ ‘ಹರ್ಟ್’ ಮೂಲದಲ್ಲಿ ರಾಕ್ ಸಂಗೀತಗಾರ ಟ್ರೆಂಟ್ ರೆಝ್ನರ್ ಅವರದು. ಕ್ಯಾಶ್ ಹಾಡುವಾಗ ಉಸಿರು ಸಾಲುತ್ತಿಲ್ಲ, ನರಗಳ ಕಾಯಿಲೆ, ಸಕ್ಕರೆ ಕಾಯಿಲೆ ಎರಡೂ ಇದ್ದವು. ಹೆಂಡತಿ ಜೂನ್ ಕಾರ್ಟರ್ 2003ರ ಮೇ 15ರಂದು, ಕ್ಯಾಶ್ ಅದೇ ವರ್ಷ ಸೆಪ್ಟೆಂಬರ್ 12ರಂದು ಹೋದರು.

ಟ್ರ್ಯಾಕ್ ನಂ. 1

ಅಮೆರಿಕದಲ್ಲಿರುವ ನಮ್ಮವರು ನೋಡಲು ಹೋಗುವುದಾದರೆ?

ರೀಲುಟೇಪು

ಮೆಂಫಿಸ್‌ನಲ್ಲಿ ಸನ್ ಸ್ಟುಡಿಯೋ ಈಗಲೂ ಅದೇ ವಿಳಾಸದಲ್ಲಿದೆ, ಟಿಕೆಟ್ ತೆಗೆದು ಒಳಗೆ ಹೋಗಬಹುದು. ಅಲ್ಲಿಂದ ಕಾರಿನಲ್ಲಿ ಒಂದು ಗಂಟೆಯಷ್ಟು ದೂರ ಡೈಯೆಸ್. ಕ್ಯಾಶ್ ಬೆಳೆದ ಮನೆಯನ್ನು ಆರ್ಕನ್ಸಾ ಸ್ಟೇಟ್ ಯೂನಿವರ್ಸಿಟಿ ದುರಸ್ತಿ ಮಾಡಿ 2014ರಲ್ಲಿ ತೆರೆದಿದೆ. ಮ್ಯೂಸಿಯಂ ನ್ಯಾಶ್‌ವಿಲ್‌ನಲ್ಲಿದೆ. ಹೆಂಡರ್ಸನ್‌ವಿಲ್‌ನ ಸರೋವರದ ಪಕ್ಕ ಕ್ಯಾಶ್ ಮತ್ತು ಜೂನ್ ಇದ್ದ ಮನೆ 2007ರಲ್ಲಿ ಸುಟ್ಟುಹೋಯಿತು, ಅದನ್ನು ಹುಡುಕಿ ಹೋಗಬೇಡಿ. ಸಮಾಧಿ ಅದೇ ಊರಿನಲ್ಲಿ, ಜೂನ್ ಪಕ್ಕದಲ್ಲಿ.

ತಂತಿಮೀಟು

ಎಲ್ಲರಿಗೂ ಧನ್ಯವಾದ. ಕೊನೆಯದಾಗಿ ಒಂದು: ಕೇಪೋ ಹಾಕಿ ಕಾಗದ ಸಿಕ್ಕಿಸಬೇಕೋ, ಕಾಗದ ಸಿಕ್ಕಿಸಿ ಕೇಪೋ ಹಾಕಬೇಕೋ? ಯಾವ ಕ್ರಮದಲ್ಲಿ ಮಾಡಿದರೂ ಟ್ಯೂನರ್ ಮುಳ್ಳು ಬಲಕ್ಕೇ ವಾಲುತ್ತದೆ.

ಕೇಪೋ ಕಿಟ್ಟಿ

ಮೊದಲು ಕೇಪೋ, ಆಮೇಲೆ ಕಾಗದ, ಎರಡೂ ಕೂತ ಮೇಲೆ ಶ್ರುತಿ. ಕೇಪೋ ಒತ್ತುತ್ತೆ, ಕಾಗದ ಹೆಣೆದಾಗ ಒಂದು ತಂತಿ ಕೆಳಗೆ ಇನ್ನೊಂದು ಮೇಲೆ ತಳ್ಳಿಸಿಕೊಳ್ಳುತ್ತೆ, ಬಿಗಿ ಹೆಚ್ಚಿ ಸ್ವರ ಏರುತ್ತೆ, ಮುಳ್ಳು ಬಲಕ್ಕೆ ಹೋಗೋದು ಅದಕ್ಕೇ. ಇಳಿಸುವಾಗ ಬೇಕಾದ್ದಕ್ಕಿಂತ ಸ್ವಲ್ಪ ಕೆಳಗೆ ಇಳಿಸಿ, ಮತ್ತೆ ಮೇಲಕ್ಕೆ ಬಂದು ನಿಲ್ಲಿಸಿ, ಇಲ್ಲಾಂದ್ರೆ ಎರಡನೇ ಹಾಡಿಗೇ ಜಾರುತ್ತೆ. ಕಾಗದ ತೆಗೆದ ಮೇಲೆ ಇನ್ನೊಂದು ಸಲ ಟ್ಯೂನ್ ಮಾಡೋದು ಬಿಡಬೇಡಿ. ಪಟ್ಟಿ ಅರ್ಧ ಗಂಟೆಯಲ್ಲಿ ತಂತಿ ಕೊರೆದು ಗೆರೆ ಬೀಳುತ್ತೆ, ಸರಸರ ಹೋಗುತ್ತೆ. ಗಿಟಾರ್ ಬ್ಯಾಗಲ್ಲಿ ನಾಲ್ಕೈದು ಕತ್ತರಿಸಿಟ್ಟಿರಿ.